ಬೆಂಚಿನಲ್ಲೇ ಉಳಿದವಳು

ನಮ್ಮ ಚರ್ಚಿನ ಭಾನುವಾರದ ಪೂಜೆಯಲ್ಲಿ ಪರಮಪ್ರಸಾದದ ಹೊತ್ತಾದಾಗ ಬೆಂಚುಗಳು ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ಖಾಲಿಯಾಗುತ್ತವೆ. ಮಂಡಿನೋವಿನ ಮುದುಕರು ಮುಂದಿನ ಬೆಂಚಿನ ಬೆನ್ನು ಹಿಡಿದು ಏಳುತ್ತಾರೆ. ಮಗು ಎತ್ತಿಕೊಂಡವರು ಮಗುವಿನ ಸಮೇತ ಸಾಲು ಸೇರುತ್ತಾರೆ. ಆ ಹೊತ್ತಿನಲ್ಲಿ ಯಾರು ಕೂತೇ ಇದ್ದಾರೋ ಅವರೇ ಎಲ್ಲರ ಕಣ್ಣಿಗೆ ಬೀಳುವುದು.

ನನ್ನ ಸೊಸೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕೂತೇ ಇದ್ದಳು. ನಾವು ಸರಿದು ಹೋಗಲೆಂದು ಮೊಣಕಾಲನ್ನು ಪಕ್ಕಕ್ಕೆ ತಿರುಗಿಸಿ ದಾರಿ ಬಿಡುವಳು. ನಾನು ಹೋಗಿ ಬರುವೆ, ನನ್ನ ಮಗ ಹೋಗಿ ಬರುವನು. ವಾಪಸು ಬಂದಾಗ ಅವಳು ಮಡಿಲಲ್ಲಿ ಕೈ ಜೋಡಿಸಿಕೊಂಡು ನೆಲ ನೋಡುತ್ತಿರುವಳು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಪರಮಪ್ರಸಾದವೆಂದರೆ ನಮಗೆ ಯೇಸುಸ್ವಾಮಿಯೇ. ನೋಡಲು ತೆಳ್ಳನೆಯ ಒಂದು ಬಿಲ್ಲೆ ರೊಟ್ಟಿ, ನಂಬಿಕೆಗೆ ಅವನ ಶರೀರ. ದೊಡ್ಡ ಪಾಪ ಕಟ್ಟಿಕೊಂಡವರು ಚರ್ಚಿನ ಗುರುಗಳ ಮುಂದೆ ಅದನ್ನು ನಿವೇದಿಸಿ ಕ್ಷಮೆ ಪಡೆಯುವ ತನಕ ಪ್ರಸಾದ ಮುಟ್ಟುವಂತಿಲ್ಲ. ಹಾಗಾಗಿ ಒಂದು ವಾರ ಕೂತರೆ ಯಾರೂ ಗಮನಿಸುವುದಿಲ್ಲ. ತಿಂಗಳು ಕೂತರೆ ಮೈಗೆ ಹುಷಾರಿಲ್ಲವೇನೋ ಅನ್ನುತ್ತಾರೆ. ವರ್ಷ ದಾಟಿದರೆ ಏನೂ ಅನ್ನುವುದಿಲ್ಲ, ಬೆನ್ನ ಹಿಂದೆ ಮಾತ್ರ ಅನ್ನುತ್ತಾರೆ. ನಿವೇದಿಸಲೂ ಬಾಯಿ ಬಾರದಂಥ ಪಾಪ ಇನ್ಯಾವುದು ಎಂದು.

ನಾನು ದರ್ಜಿ. ರಸ್ತೆಗೆ ಮುಖ ಮಾಡಿದ ಮುಂದಿನ ಕೋಣೆಯೇ ನನ್ನ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆಯ ಮಿಷನ್ನು, ಅದರ ಎದುರು ಗೋಡೆಗೆ ಒತ್ತಿಕೊಂಡು ನನ್ನ ಹೆಂಡತಿಯ ಮಂಚ. ಲಕ್ವ ಹೊಡೆದು ಮೈಯ ಬಲಭಾಗ ಬಿದ್ದುಹೋದ ಮೇಲೆ ಅವಳು ಒಳಕೋಣೆಯಲ್ಲಿ ಒಬ್ಬಳೇ ಮಲಗಲು ಒಪ್ಪಲಿಲ್ಲ. ಮಿಷನ್ನಿನ ಸದ್ದು, ಬಂದು ಹೋಗುವ ಗಿರಾಕಿಗಳ ಮುಖ, ಬೀದಿಯ ಗಲಾಟೆ ಎಲ್ಲ ಬೇಕು ಅವಳಿಗೆ. ಮಾತು ಮಾತ್ರ ಹೋಗಿತ್ತು. ಉಳಿದದ್ದು ಬೆರಳೆಣಿಕೆಯ ಪದಗಳು. 'ನೀನು', 'ಬೇಡ', 'ಆಯ್ತಾ', ಆಮೇಲೆ ಮೊಮ್ಮಗಳನ್ನು ಕರೆಯಲು 'ಪುಟ್ಟಿ'. ಅಷ್ಟರಲ್ಲೇ ಮನೆಯನ್ನು ಆಳುತ್ತಿದ್ದಳು. ಇಡೀ ನಿಘಂಟು ಬಾಯಲ್ಲಿದ್ದ ಕಾಲದಲ್ಲೂ ಇದಕ್ಕಿಂತ ಹೆಚ್ಚೇನೂ ಆಳಿರಲಿಲ್ಲ.

ಗಟ್ಟಿಯಿದ್ದ ಕಾಲದಲ್ಲಿ ಅವಳು ಎಲ್ಲರಿಗೂ ಬಡಿಸಿ, ಎಲ್ಲರೂ ಕೈ ತೊಳೆದ ಮೇಲೆ ತಾನು ಕೂರುವವಳು. ಮೈ ಬಿದ್ದುಹೋದರೂ ಆ ಪದ್ಧತಿ ಬೀಳಲಿಲ್ಲ. ಗಂಜಿಯ ಚಮಚವನ್ನು ಬಾಯಿಯ ಹತ್ತಿರ ತಂದರೆ ತುಟಿ ಬಿಗಿದುಕೊಂಡು 'ನೀನು' ಅನ್ನುವಳು. ಅಂದರೆ, ಮೊದಲು ನೀನು ತಿನ್ನು. ತಿಂದ ಹಾಗೆ ನಟಿಸಿದರೆ ನಡೆಯದು. ನುಂಗಿದ್ದು ನಿಜವೋ ಎಂದು ಗಂಟಲನ್ನೇ ನೋಡುವಳು. ಅದಕ್ಕೆ ಸೊಸೆ ತನಗೊಂದು ಚಮಚ, ಅತ್ತೆಗೊಂದು ಚಮಚ ಎಂದು ಬಟ್ಟಲು ಮುಗಿಸುತ್ತಿದ್ದಳು. ನಾನೂ ಒಂದೆರಡು ಸಲ ಕೂತು ನೋಡಿದೆ. ಅರ್ಧ ಗಂಜಿ ದಿಂಬಿನ ಪಾಲಾಯಿತು. 'ಬೇಡ' ಅಂದಳು. ಇಷ್ಟು ವರ್ಷ ಸಂಸಾರ ಮಾಡಿದ ಗಂಡ ಒಂದು ಚಮಚದ ಪರೀಕ್ಷೆಯಲ್ಲಿ ಫೇಲಾದೆ.

ಬೆಳಗಿನ ಮಾತ್ರೆ ಖಾಲಿ ಹೊಟ್ಟೆಗೆ ಕೊಡುವ ಹಾಗಿರಲಿಲ್ಲ, ಹೊತ್ತು ತಪ್ಪಿಸುವ ಹಾಗೂ ಇರಲಿಲ್ಲ. ಹಾಗಾಗಿ ಭಾನುವಾರವೂ ಎಂದಿನಂತೆ ಗಂಜಿ, ಆಮೇಲೆ ಮಾತ್ರೆ, ಬಾಯಿ ಒರೆಸುವಷ್ಟರಲ್ಲಿ ಬೀದಿಯ ತುದಿಯ ಚರ್ಚಿನ ಗಂಟೆ. ಪಕ್ಕದ ಮನೆಯಾಕೆ ಬಂದು ಮಂಚದ ಹತ್ತಿರ ಕೂತರೆ ನಾವೆಲ್ಲ ಓಡುತ್ತಿದ್ದೆವು. ನಮ್ಮ ಗುರುಗಳಿಗೆ ಮೂರು ಊರಿನ ಚರ್ಚು. ನಮ್ಮ ಪಾಲಿಗೆ ವಾರಕ್ಕೆ ಅದೊಂದೇ ಪೂಜೆ.

ಇದೆಲ್ಲ ದಿನವೂ ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು. ದಿನವೂ ಕಾಣುವುದನ್ನು ಯಾರು ನೋಡುತ್ತಾರೆ?

ಬೇರೆಯವರು ಬೇರೇನೋ ನೋಡುತ್ತಿದ್ದರು. ನಮ್ಮ ಬೀದಿಯಲ್ಲಿ ರೇಡಿಯೋ ಅಕ್ಕ ಎಂದು ಒಬ್ಬಳಿದ್ದಾಳೆ. ಹೆಸರು ಇಟ್ಟವರು ಯಾರೋ, ಸರಿಯಾಗಿ ಇಟ್ಟಿದ್ದಾರೆ. ಬೆಳಿಗ್ಗೆ ಶುರುವಾದರೆ ನಿಲ್ಲಿಸುವ ಗುಂಡಿ ಇಲ್ಲ. ಒಂದು ದಿನ ತನ್ನ ಲಂಗದ ಸೊಂಟ ಸಡಿಲ ಮಾಡಿಸಲು ಬಂದಳು. ಮಂಚದ ಕಡೆ ಒಮ್ಮೆ ನೋಡಿದಳು. ನನ್ನ ಹೆಂಡತಿ ನಿದ್ದೆಯಲ್ಲಿದ್ದಳು.

"ಅಣ್ಣಾ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡ," ಅಂದಳು ಸಣ್ಣ ದನಿಯಲ್ಲಿ.

"ತಪ್ಪು ತಿಳ್ಕೊಳ್ಳೋ ಮಾತಾದ್ರೆ ಕೇಳ್ಲೇಬೇಡ."

"ಅಲ್ಲಾ, ನಿನ್ನ ಸೊಸೆ ಆ ಲಾಂಡ್ರಿ ಕೆಲಸ ಬಿಟ್ಟಿದ್ದು ಯಾಕೆ?"

"ಅತ್ತೆ ಹಾಸಿಗೆ ಹಿಡಿದ್ಲು ಅಂತ."

"ಅದು ಸರಿ ಅನ್ನು. ಪೂಜೇಲಿ ಕೂತ್ಕೊಳ್ಳೋಕೆ ಶುರು ಮಾಡಿದ್ದೂ ಆವಾಗ್ಲೇ. ಲಾಂಡ್ರಿಯವನ ಹೆಂಡ್ತಿ ಮುನಿಸ್ಕೊಂಡು ತೌರಿಗೆ ಹೋಗಿದ್ದೂ ಆವಾಗ್ಲೇ. ನಾನು ಏನೂ ಹೇಳ್ತಿಲ್ಲಪ್ಪ. ಬೆಂಕಿ ಇಲ್ದೆ ಹೊಗೆ ಆಡತ್ತಾ ಅಂತ ಜನ ಕೇಳ್ತಾರೆ."

"ಜನ ಅಂದ್ರೆ ನೀನೇ ತಾನೇ?"

"ಅಯ್ಯೋ, ನಾನ್ಯಾಕೆ!"

"ನೋಡಕ್ಕ, ಸೊಂಟ ಎರಡು ಬೆರಳು ನಾನು ಸಡಿಲ ಮಾಡ್ತೀನಿ. ಬಾಯಿ ಎರಡು ಬೆರಳು ನೀನು ಬಿಗಿ ಮಾಡ್ಕೋ."

ಅವಳು ಮುಖ ಊದಿಸಿಕೊಂಡು ಹೋದಳು. ಗೆದ್ದೆ ಅಂದುಕೊಂಡೆ. ಆದರೆ ಊರ ಬಾಯಿಗೆ ಹೊಲಿಗೆ ಹಾಕುವ ಸೂಜಿ ಇನ್ನೂ ಹುಟ್ಟಿಲ್ಲ. ಆ ಮಾತು ಬೀದಿ ದಾಟಿ ನನ್ನ ಮಗ ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿಗೂ ಹೋಗಿತ್ತು. ಯಾರೋ ತಮಾಷೆಗೆ ಅಂದರಂತೆ. ಮಗ ಒಂದು ದಿನ ಕೆಲಸದಿಂದ ಬಂದವನು ಕೈಯ ಮಸಿಯನ್ನೂ ತೊಳೆಯದೆ ಅಡುಗೆಮನೆಯಲ್ಲಿ ಹೆಂಡತಿಯನ್ನು ಕೇಳಿದ.

"ನೇರವಾಗಿ ಹೇಳು. ಯಾಕೆ ಹೋಗಲ್ಲ ನೀನು?"

"ಅದು ನನಗೂ ದೇವರಿಗೂ ಇರೋ ವಿಷಯ. ಬಿಟ್ಬಿಡಿ."

ಒಲೆಗೆ ಸೀಮೆಎಣ್ಣೆ ಸುರಿದ ಹಾಗಾಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಉಂಡರು, ಮಲಗಿದರು, ಎದ್ದರು, ಜಗಳ ಅಲ್ಲೇ ಇತ್ತು. ಕೂಗಾಟವಿಲ್ಲ, ಮಾತೇ ನಿಂತುಹೋಯಿತು. ಎಲ್ಲವೂ ಮೊಮ್ಮಗಳ ಮೂಲಕ.

"ಪುಟ್ಟಿ, ಟವೆಲ್ ಎಲ್ಲಿದೆ ಅಂತ ನಿಮ್ಮಮ್ಮನ್ನ ಕೇಳು."

"ಅಮ್ಮಾ, ಟವೆಲ್ ಎಲ್ಲಿದೆ ಅಂತ ನಿನ್ನ ಗಂಡ ಕೇಳ್ತಿದ್ದಾರೆ."

"ಅವರ ಹೆಗಲ ಮೇಲೇ ಇದೆ ಅಂತ ಹೇಳು."

ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದೆವು.

ಅಷ್ಟರಲ್ಲಿ ಪುಟ್ಟಿಯ ಪ್ರಥಮ ಪರಮಪ್ರಸಾದದ ದಿನ ಹತ್ತಿರ ಬಂತು. ಮಕ್ಕಳಿಗೆ ಪಾಠ ಹೇಳುವ ಸಿಸ್ಟರು ಹೆತ್ತವರನ್ನೆಲ್ಲ ಕರೆದು ಹೇಳಿದರು. ಪ್ರತಿ ಮಗುವೂ ಅಪ್ಪ ಅಮ್ಮನ ನಡುವೆ ನಡೆದು ಬರಬೇಕು. ಮೊದಲು ಮಗು, ಆಮೇಲೆ ಅಪ್ಪ, ಅಮ್ಮ, ಮೂವರೂ ಪ್ರಸಾದ ತೆಗೆದುಕೊಳ್ಳಬೇಕು. ಇಡೀ ಚರ್ಚು ನೋಡುವಂಥ ಹೊತ್ತು ಅದು.

ಆ ಸಂಜೆ ಮಗ ಹಿತ್ತಲ ಬಾಗಿಲಲ್ಲಿ ನಿಂತು, ತಾಯಿಗೆ ಕೇಳಿಸದ ಹಾಗೆ, ಹೆಂಡತಿಗೆ ಹೇಳಿದ. ನಾನು ಒಳಗೆ ದಾರದ ಡಬ್ಬಿ ಹುಡುಕುತ್ತಿದ್ದೆ, ಕೇಳಿಸಿತು.

"ಆವತ್ತೂ ನೀನು ಎದ್ದು ಬರ್ಲಿಲ್ಲ ಅಂದ್ರೆ, ಜನ ಅಂದಿದ್ದೆಲ್ಲ ನಿಜ ಅಂತ ನಾನೂ ತಿಳ್ಕೋತೀನಿ. ಮಾರನೇ ದಿನ ಪುಟ್ಟೀನ ಕರ್ಕೊಂಡು ಪ್ರೆಸ್ಸಿನ ಹಿಂದಿನ ರೂಮಿಗೆ ಹೋಗ್ತೀನಿ. ನೀನು ಅಮ್ಮನ್ನ ನೋಡ್ಕೊಂಡು ಇಲ್ಲೇ ಇರು."

ಅವಳು ಬಕೆಟ್ಟಿನಲ್ಲಿದ್ದ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು. ನೀರು ಇಳಿಯುವುದು ನಿಂತ ಮೇಲೂ ಹಿಂಡುತ್ತಿದ್ದಳು.

ಮಗ ಕೆಟ್ಟವನಲ್ಲ. ಆದರೆ ಹೇಳಿದ ಮಾತನ್ನು ಮಾಡುವವನು. ಸಣ್ಣವನಿದ್ದಾಗ ಊಟ ಬೇಡ ಎಂದರೆ ಬೇಡವೇ. ಅವರಮ್ಮನದೇ ರಕ್ತ. ನಮ್ಮ ಮನೆ ಎರಡು ಹೋಳಾಗುವುದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

ಪುಟ್ಟಿಯ ಬಿಳಿ ಅಂಗಿಯನ್ನು ನಾನೇ ಹೊಲಿಯುತ್ತಿದ್ದೆ. ಒಂದು ಮಧ್ಯಾಹ್ನ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಅಂಚಿನ ಅಳತೆಗೆ ಗುಂಡುಪಿನ್ನು ಚುಚ್ಚುತ್ತಿದ್ದೆ. ನಾಲ್ಕೈದು ಪಿನ್ನು ನನ್ನ ತುಟಿಯಲ್ಲಿದ್ದವು. ಎದುರಿಗೆ ಸೊಸೆ ಮಂಚದ ಮೇಲೆ ಕೂತು ಅತ್ತೆಗೆ ತಿನ್ನಿಸುತ್ತಿದ್ದಳು. ಪುಟ್ಟಿ ಪಾಠ ಒಪ್ಪಿಸತೊಡಗಿದಳು.

"ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರ್ದು. ನೀರು ಕುಡೀಬಹುದು, ಔಷಧಿ ತಗೋಬಹುದು. ತಾತ, ನೊಣ ನುಂಗಿಬಿಟ್ರೆ?"

"ಔಷಧಿ ಅಂತ ತಿಳ್ಕೋ," ಅಂದೆ ಪಿನ್ನುಗಳ ಸಂದಿಯಿಂದ.

"ಉಗುರು ಕಚ್ಚಿದ್ರೆ?"

"ಅದು ನಿಂದೇ ತಾನೇ. ಹೊಸದಾಗಿ ಒಳಗೇನು ಹೋಯ್ತು? ನೆಟ್ಟಗೆ ನಿಂತ್ಕೋ."

"ಅಮ್ಮಾ, ಅಡಿಗೆ ಮಾಡುವಾಗ ಉಪ್ಪು ನೋಡಿದ್ರೆ?"

ಸೊಸೆಯ ಕೈಯ ಚಮಚ ನಡುದಾರಿಯಲ್ಲಿ ನಿಂತಿತು. "ಒಂದು ಅಗುಳು ಗಂಟಲಿಗೆ ಇಳಿದ್ರೂ ಮುರೀತು," ಅಂದಳು. ಅವಳ ದನಿ ಎಂದಿನಂತಿರಲಿಲ್ಲ. "ನಮ್ಮಜ್ಜಿ ಹಾಗೇ ಕಲಿಸಿದ್ದು. ಸ್ವಾಮಿನ ಒಳಗೆ ಕರೀಬೇಕಾದ್ರೆ ಹೊಟ್ಟೆ ಗುಡಿಸಿ ಇಟ್ಟಿರಬೇಕು. ಗಂಟೆ ಹೊಡೆಯೋ ತನಕ ತಿಂತಾ ಇದ್ದು, ಆಮೇಲೆ ಬಾಯಿ ಒರೆಸ್ಕೊಂಡು ಹೋಗಿ ನಾಲಿಗೆ ಚಾಚೋದಲ್ಲ."

"ನೀನು," ಅಂದಳು ನನ್ನ ಹೆಂಡತಿ, ಮಾತಿಗೆ ಕಿವಿಗೊಡದೆ, ಚಮಚ ತಡವಾಯಿತೆಂದು.

ಸೊಸೆ ಚಮಚವನ್ನು ತನ್ನ ಬಾಯಿಗಿಟ್ಟು, ನುಂಗಿ, ಗಂಟಲು ಕಾಣುವ ಹಾಗೆ ಗಲ್ಲ ಎತ್ತಿ ತೋರಿಸಿದಳು.

ತುಟಿಯಲ್ಲಿದ್ದ ಪಿನ್ನು ನಾನು ನುಂಗದೇ ಇದ್ದದ್ದು ದೇವರ ದಯೆ.

ಅವಳು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಾಗ ಹಿಂದೆಯೇ ಹೋದೆ. ಒದ್ದೆ ಬೆಡ್‌ಶೀಟಿನ ಒಂದು ತುದಿ ಅವಳು ಹಿಡಿದಳು, ಇನ್ನೊಂದು ನಾನು.

"ಭಾನುವಾರ ಬೆಳಿಗ್ಗೆ ಅತ್ತೆ ಜೊತೆ ತಿಂತೀಯಲ್ಲ, ಅದಕ್ಕೇನಮ್ಮಾ ಪ್ರಸಾದಕ್ಕೆ ಹೋಗ್ದೇ ಇರೋದು?"

ಅವಳು ಬೆಡ್‌ಶೀಟಿನ ಸುಕ್ಕು ಕೊಡವಿದಳು. ಆಮೇಲೆ, "ಮಾವ, ಕೈ ಮುಗೀತೀನಿ, ಅತ್ತೆಗೆ ಗೊತ್ತಾಗಬಾರ್ದು," ಅಂದಳು.

"ಗೊತ್ತಾದ್ರೆ?"

"ನಿಮಗೆ ಗೊತ್ತಿಲ್ವಾ ಅವರು? ತನ್ನಿಂದ ನನಗೆ ಪ್ರಸಾದ ತಪ್ತಿದೆ ಅಂತ ತಿಳಿದ್ರೆ ಭಾನುವಾರ ಬಾಯೇ ತೆರೆಯಲ್ಲ. ಹೊಟ್ಟೆಗೆ ಬೀಳ್ದೆ ಮಾತ್ರೆ ಕೊಡೋ ಹಾಗಿಲ್ಲ. ಇನ್ನೊಂದು ಸಲ ಲಕ್ವ ಹೊಡೆದ್ರೆ ಉಳಿಯಲ್ಲ ಅಂದಿದ್ದಾರೆ ಡಾಕ್ಟರು."

"ಗಂಡನಿಗಾದ್ರೂ ಹೇಳಬಹುದಿತ್ತಲ್ಲ."

"ಅವರ ಬಾಯಲ್ಲಿ ಮಾತು ನಿಲ್ಲತ್ತಾ ಮಾವ? ಸಿಟ್ಟು ಬಂದ್ರೆ ಮಂಚದ ಪಕ್ಕದಲ್ಲೇ ಕೂಗಿಬಿಡ್ತಾರೆ. ಇಲ್ಲಾಂದ್ರೆ, ಒಂದು ದಿನ ಅಮ್ಮ ಹಸಿದಿರ್ಲಿ ಬಿಡು ಅಂತಾರೆ. ಯಾವುದೂ ಆಗಲ್ಲ."

"ಸುಮ್ನೆ ಎದ್ದು ಹೋಗಿಬಿಡೇ. ಯಾರು ನೋಡ್ತಾರೆ?"

"ನೋಡೋನು ನೋಡ್ತಾನಲ್ಲ."

"ನೋಡೋನಿಗೆ, ನೀನು ಯಾಕೆ ತಿಂದೆ ಅನ್ನೋದೂ ಕಂಡಿರಬೇಕಲ್ಲ."

ಅವಳು ಕ್ಲಿಪ್ಪು ಹಾಕುತ್ತ ಹೇಳಿದಳು, "ನಿಯಮ ನಿಯಮಾನೇ ಮಾವ. ನನಗೆ ಬೇಕಾದಾಗ ಬಗ್ಗಿಸೋಕೆ ಅದೇನು ತಂತೀನಾ? ಒಂದಷ್ಟು ದಿನ ಕೂತಿರ್ತೀನಿ. ಅತ್ತೆ ಇರೋ ತನಕ."

"ಪುಟ್ಟಿ ದಿನ?"

"ಆವತ್ತೂ ಅತ್ತೆಗೆ ಹಸಿವಾಗತ್ತೆ," ಅಂದಳು. ಅಷ್ಟು ಹೇಳಿ ಅಳತೊಡಗಿದಳು. ಬೆಡ್‌ಶೀಟಿನ ಆ ಬದಿಗೆ ನಿಂತು ಅತ್ತಳು, ನನಗೆ ಕಾಲು ಮಾತ್ರ ಕಾಣುತ್ತಿತ್ತು.

ಹೆಂಡತಿಗೂ ಮಗನಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಗುರುಗಳ ಹೆಸರನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಪುಟ್ಟಿಯ ಭಾನುವಾರದ ಹಿಂದಿನ ಶನಿವಾರ ಗುರುಗಳು ಮಕ್ಕಳ ಪಾಪನಿವೇದನೆ ಕೇಳಲು ಬಂದರು. ಅವರ ನಿಲುವಂಗಿಯ ಜೇಬು ಹರಿದು ನನ್ನ ಹತ್ತಿರ ರಿಪೇರಿಗೆ ಬಂದಿತ್ತು. ಅದನ್ನು ಮಡಿಸಿ ಹಿಡಿದು ಚರ್ಚಿನ ಪಕ್ಕದ ಕೋಣೆಗೆ ಹೋದೆ. ಕೊನೆಯ ಮಗು ಹೊರಗೆ ಓಡಿದ ಮೇಲೆ ಒಳಗೆ ಕಾಲಿಟ್ಟೆ.

"ಬನ್ನಿ ಟೈಲರಣ್ಣ. ಈ ಸಲ ಜೇಬು ಗಟ್ಟಿಯಾಗಿ ಹೊಲಿದ್ರಾ?"

"ಜೇಬು ಗಟ್ಟಿ ಇದೆ ಫಾದರ್. ನನ್ನದೊಂದು ಅನುಮಾನ ಇದೆ. ಪೂಜೆಗೆ ಮುಂಚೆ ಒಬ್ಬರು ತಿಂದ್ಬಿಡ್ತಾರೆ ಅಂತ ಇಟ್ಕೊಳ್ಳಿ."

"ಬಾಯಿ ಚಪಲಕ್ಕಾ?"

"ಇಲ್ಲ. ಹಾಸಿಗೆ ಹಿಡಿದವರಿಗೆ ತಿನ್ನಿಸೋಕೆ. ಇವರು ತಿನ್ನದೇ ಅವರು ಬಾಯಿ ತೆರೆಯಲ್ಲ."

ಅವರು ಅಂಗಿಯನ್ನು ಕೈಯಲ್ಲೇ ಹಿಡಿದು ಅಲ್ಲಿದ್ದ ಒಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. "ಎರಡು ವರ್ಷದಿಂದಾನಾ?" ಅಂದರು.

"ನಾನು ಯಾರು ಅಂತ ಹೇಳ್ಲೇ ಇಲ್ವಲ್ಲ."

"ಬಲಿಪೀಠದಿಂದ ಎಲ್ಲ ಬೆಂಚೂ ಕಾಣತ್ತೆ ಟೈಲರಣ್ಣ. ಆದ್ರೆ ಕೂತವರನ್ನ ಯಾಕೆ ಕೂತ್ರಿ ಅಂತ ಕೇಳೋ ಹಾಗಿಲ್ಲ. ಅವರಾಗೇ ಬರೋ ತನಕ ಕಾಯ್ಬೇಕು. ಕಾದೆ." ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಮುಂದುವರಿಸಿದರು. "ಕೇಳಿ. ಆ ಒಂದು ಗಂಟೆಯ ನಿಯಮ ಇದೆಯಲ್ಲ, ಅದರ ಜೊತೇಲೇ ಇನ್ನೊಂದು ಮಾತಿದೆ. ವಯಸ್ಸಾದವರು, ಕಾಯಿಲೆಯವರು, ಅವರನ್ನ ನೋಡಿಕೊಳ್ಳೋರು, ಇವರೆಲ್ಲ ಆ ಗಂಟೆಯೊಳಗೆ ಏನಾದ್ರೂ ತಿಂದಿದ್ರೂ ಪ್ರಸಾದ ತಗೋಬಹುದು."

"ನೋಡಿಕೊಳ್ಳೋರೂ ಅಂತ ಇದೆಯಾ?"

"ಇದೆ."

"ನೀವು ಕನಿಕರಕ್ಕೆ ಸೇರಿಸ್ತಿಲ್ಲ ತಾನೇ?"

"ಧರ್ಮಸಭೆಯ ಕಾನೂನಿನಲ್ಲೇ ಇದೆ. ಬರೆದವರ ಮನೇಲೂ ಯಾರೋ ಹಾಸಿಗೆ ಹಿಡಿದಿದ್ರೇನೋ."

ನಾನು ಎದುರಿನ ಕುರ್ಚಿಯ ಮೇಲೆ ಕೂತೆ. "ಹಾಗಾದ್ರೆ ಯಾರೂ ಯಾಕೆ ಹೇಳ್ಲಿಲ್ಲ ಫಾದರ್?"

"ಈ ಪಾಠ ಕಲಿಯೋದು ಮಕ್ಕಳಾಗಿದ್ದಾಗ. ಮಕ್ಕಳು ಯಾರನ್ನ ನೋಡಿಕೊಳ್ತಾರೆ? ಅಲ್ಲಿಗೇ ಬಿಟ್ಟಿರ್ತೀವಿ. ದೊಡ್ಡವರಾದ ಮೇಲೆ ಯಾರೂ ಕೇಳಲ್ಲ, ನಾವೂ ಹೇಳಲ್ಲ." ಅವರು ತಲೆ ಅಲ್ಲಾಡಿಸಿದರು. "ಇನ್ನೊಂದು ವಿಷಯ. ಗಂಟೆ ಎಣಿಸೋದು ಪೂಜೆ ಶುರುವಾಗೋ ಹೊತ್ತಿಂದ ಅಲ್ಲ. ಪ್ರಸಾದ ತಗೊಳ್ಳೋ ಹೊತ್ತಿಂದ ಹಿಂದಕ್ಕೆ."

"ಅಂದ್ರೆ ನಿಮ್ಮ ಉದ್ದನೆ ಪ್ರಬೋಧನೆ ಇರೋ ಭಾನುವಾರ ಯಾರು ಬೇಕಾದ್ರೂ ಊಟ ಮುಗಿಸ್ಕೊಂಡೇ ಬರಬಹುದು."

ಅವರು ಜೋರಾಗಿ ನಕ್ಕರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದು ನಗುವಿನ ನೀರೇ ಇರಬೇಕು. "ಉಪವಾಸ ಯಾಕೆ ಇಟ್ಟಿರೋದು ಗೊತ್ತಾ ಟೈಲರಣ್ಣ? ನಮ್ಮ ಹಸಿವು ಅವನ ಕಡೆ ತಿರುಗಲಿ ಅಂತ. ಆಕೆ ಎರಡು ವರ್ಷದಿಂದ ಬೆಂಚಲ್ಲಿ ಕೂತು ಹಸಿದಿದ್ದಾಳೆ. ಎದ್ದು ಬಂದ ನಮಗೆ ಅಷ್ಟು ಹಸಿವಿತ್ತಾ? ಅವಳು ಅವನ ಹತ್ತಿರ ಬರಲಿಲ್ಲ ಅಂತ ಅವನೂ ಅವಳ ಹತ್ತಿರ ಹೋಗದೇ ಇದ್ನಾ? ನಡೀರಿ, ಹೋಗಿ ಹೇಳೋಣ."

"ಫಾದರ್, ನನ್ನ ಹೆಂಡ್ತಿ ಕಿವಿಗೆ ಬೀಳಬಾರ್ದು ಅಂತ ಮಾತು ಕೊಟ್ಟಿದ್ದೀನಿ."

"ನೀವು ಕೊಟ್ಟಿದ್ದೀರಿ, ನಾನು ಕೊಟ್ಟಿಲ್ಲ. ಕಹಿ ಭಾಗ ಬಿಟ್ಟು ಹೇಳ್ತೀನಿ, ನಡೀರಿ."

ನಾವು ಹೋದಾಗ ಮಧ್ಯಾಹ್ನದ ಬಟ್ಟಲು ಅರ್ಧವಾಗಿತ್ತು. ಸೊಸೆ ಗಾಬರಿಯಿಂದ ಏಳಲು ಹೋದಳು. ಗುರುಗಳು ಬೇಡವೆಂದು ಕೈ ಸನ್ನೆ ಮಾಡಿ ಗಿರಾಕಿಗಳ ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡರು. ಸ್ವಲ್ಪ ಹೊತ್ತು 'ನೀನು' ಅನ್ನುವುದನ್ನೂ, ಚಮಚ ಹೋಗಿ ಬರುವುದನ್ನೂ ನೋಡಿದರು. ಆಮೇಲೆ ನನ್ನ ಹೆಂಡತಿಗೇ ಹೇಳಿದರು.

"ಅಮ್ಮಾ, ಒಂದು ಒಳ್ಳೆ ಸುದ್ದಿ ಹೇಳೋಕೆ ಬಂದೆ. ನಿಮ್ಮನ್ನ ನೋಡಿಕೊಳ್ಳೋರಿಗೆ ಪ್ರಸಾದದ ಉಪವಾಸ ಇಲ್ಲ. ನಿಮ್ಮ ಸೊಸೆ ಭಾನುವಾರ ನಿಮಗೆ ತಿನ್ನಿಸಿ, ನಿಮ್ಮ ಜೊತೆ ತಾನೂ ತಿಂದು, ನೇರವಾಗಿ ಬಂದು ಪ್ರಸಾದ ತಗೋಬಹುದು. ಒಂದು ಚಮಚಾನೂ ಬಿಡಬೇಕಾಗಿಲ್ಲ."

ಸೊಸೆ ನನ್ನ ಮುಖ ನೋಡಿದಳು. "ಮಾವ ಹೇಳಿದ್ರು ಅಂತ ಸಮಾಧಾನಕ್ಕೆ ಹೇಳ್ತಿದ್ದೀರಾ ಫಾದರ್?"

"ನಿಮ್ಮ ಸಮಾಧಾನಕ್ಕೆ ಕಾನೂನು ತಿದ್ದೋ ಅಷ್ಟು ದೊಡ್ಡವನಲ್ಲಮ್ಮ ನಾನು."

"ನಮ್ಮಜ್ಜಿ ಹೀಗೆ ಹೇಳಿರ್ಲಿಲ್ಲ."

"ನಿಮ್ಮಜ್ಜಿ ಕಾಲದಲ್ಲಿ ಬಿಗಿ ಇನ್ನೂ ಜಾಸ್ತಿ ಇತ್ತು. ಅವರು ಆ ಕಾಲಕ್ಕೆ ಸರಿಯಾಗಿ ಹೇಳಿಕೊಟ್ರು. ನೀವೂ ಸರಿಯಾಗಿ ಕಲಿತ್ರಿ. ಆಮೇಲೆ ಧರ್ಮಸಭೆ ಆ ಬಿಗಿ ಸಡಿಲ ಮಾಡ್ತು. ನಿಮಗೆ ಆ ವರ್ತಮಾನ ಬರ್ಲಿಲ್ಲ, ಅಷ್ಟೇ."

ಅವಳು ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ನನ್ನ ಹೆಂಡತಿ ಅವಳನ್ನೇ ನೋಡುತ್ತಿದ್ದಳು. ಎಷ್ಟು ಅರ್ಥವಾಯಿತೋ ನನಗೆ ಗೊತ್ತಿಲ್ಲ, ಪೂರ್ತಿ ಆಗಿರಬೇಕು. ಆಡುವ ಎಡಗೈಯಿಂದ ತನ್ನ ಕತ್ತಿಗೆ ಕಟ್ಟಿದ್ದ ಬಟ್ಟೆಯ ತುದಿ ಹಿಡಿದು ಸೊಸೆಯ ಕೆನ್ನೆ ಒರೆಸಿದಳು. ಗಂಜಿಯೂ ಕೆನ್ನೆಗೆ ಹತ್ತಿತು.

ಆ ಹೊತ್ತಿಗೆ ಸರಿಯಾಗಿ ಮಗ ಊಟಕ್ಕೆ ಬಂದ. ಬಾಗಿಲಲ್ಲೇ ನಿಂತ. ಗುರುಗಳು ಕೂತಿದ್ದಾರೆ, ಹೆಂಡತಿ ಅಳುತ್ತಿದ್ದಾಳೆ.

"ಕೊನೆಗೂ ಬಾಯಿ ಬಿಟ್ಲಾ?" ಅಂದ. "ಹೇಳಿ ಫಾದರ್. ಏನು ಮಾಡಿದ್ಲು? ಏನಿದ್ರೂ ಕೇಳ್ತೀನಿ."

"ತಿಂದ್ಲು," ಅಂದರು ಗುರುಗಳು.

"ಏನು?"

"ಗಂಜಿ."

ಅವನು ನನ್ನ ಕಡೆ ತಿರುಗಿದ. ನಾನು ಹೇಳಿದೆ, ಎಲ್ಲವನ್ನೂ ಹೇಳಿದೆ. ಮಾತು ಕೊಟ್ಟದ್ದು ಇನ್ನು ಯಾವ ಲೆಕ್ಕಕ್ಕೂ ಇರಲಿಲ್ಲ. ಅವನು ಮಸಿ ಕೈಯನ್ನು ಇಳಿಬಿಟ್ಟುಕೊಂಡು ಕೇಳಿದ. ಆಮೇಲೆ ಒಳಗೆ ಹೋದ. ನೀರಿನ ಸದ್ದು ಬಂತು. ಕೈ ತೊಳೆದುಕೊಂಡು ಬಂದವನು ಹೆಂಡತಿಯ ಮಡಿಲಿನ ಬಟ್ಟಲನ್ನು ಎತ್ತಿಕೊಂಡು, ತಾಯಿಯ ಪಕ್ಕ ಕೂತು, ಚಮಚ ತುಂಬಿ ಅವಳ ಬಾಯಿಗೆ ಹಿಡಿದ.

"ನೀನು," ಅಂದಳು ತಾಯಿ.

ಅವನು ಚಮಚವನ್ನು ಬಾಯಿಗಿಟ್ಟುಕೊಂಡ. ನುಂಗಲು ಹೊತ್ತು ಹಿಡಿಯಿತು. ತಾಯಿ ಅವನ ಗಂಟಲನ್ನೇ ನೋಡುತ್ತಿದ್ದಳು.

"ಇದರಲ್ಲಿ ಉಪ್ಪೇ ಇಲ್ಲ!"

"ಡಾಕ್ಟರು ಬೇಡ ಅಂದಿದ್ದಾರೆ," ಅಂದಳು ಸೊಸೆ. ಎಷ್ಟೋ ವಾರಗಳ ಮೇಲೆ ಅವಳು ಗಂಡನಿಗೆ ನೇರವಾಗಿ ಆಡಿದ ಮೊದಲ ಮಾತು.

"ದಿನಾ ಇದನ್ನೇ ತಿಂತೀಯಾ?"

"ಅರ್ಧ ಅವರು, ಅರ್ಧ ನಾನು."

"ನಾನು ಅಷ್ಟೆಲ್ಲಾ ಅಂದೆನಲ್ಲ. ನನ್ನ ಕೆನ್ನೆಗೆ ಎರಡು ಬಾರಿಸೋದಲ್ವೇನೇ?"

"ಕೈ ಖಾಲಿ ಇರ್ಲಿಲ್ಲ."

ಮೊದಲು ನಕ್ಕವಳು ನನ್ನ ಹೆಂಡತಿ. ಅವಳಿಗೆ ಅರ್ಧ ಬಾಯಿಯಲ್ಲಷ್ಟೇ ನಗಲು ಬರುತ್ತದೆ, ಆದರೆ ಸದ್ದು ಪೂರ್ತಿ ಬರುತ್ತದೆ. ಆ ಸದ್ದಿಗೆ ಗುರುಗಳೂ ನಕ್ಕರು. ಮಗ ನಗಲಿಲ್ಲ. ತಲೆ ಬಗ್ಗಿಸಿ ತನಗೊಂದು, ತಾಯಿಗೊಂದು ಎಂದು ಬಟ್ಟಲನ್ನು ತಳ ಕಾಣುವ ತನಕ ಮುಗಿಸಿದ. ದಿಂಬಿಗೆ ಒಂದು ತೊಟ್ಟೂ ಬೀಳಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಪುಟ್ಟಿಯ ಭಾನುವಾರ ಬಂತು. ಬೆಳಿಗ್ಗೆ ಸೊಸೆ ಗಂಜಿಯ ಬಟ್ಟಲು ಹಿಡಿದು ಕೂತಳು. ಮೊದಲ ಚಮಚವನ್ನು ತನ್ನ ಬಾಯಿಯ ಹತ್ತಿರ ತಂದು ಅಲ್ಲೇ ಹಿಡಿದಳು. ಹಳೆಯ ಅಳುಕು ಒಂದೇ ದಿನಕ್ಕೆ ಹೋಗುವುದಿಲ್ಲ. ನನ್ನ ಹೆಂಡತಿ ಕಣ್ಣು ಬಿಟ್ಟು ಹೆದರಿಸಿದಳು. ಸೊಸೆ ನುಂಗಿದಳು.

ಚರ್ಚು ಕಿಕ್ಕಿರಿದಿತ್ತು. ಪ್ರಸಾದದ ಹೊತ್ತಾದಾಗ ಮಕ್ಕಳ ಸಾಲು ಮೊದಲು ಎದ್ದಿತು. ಪುಟ್ಟಿ ಅಪ್ಪನ ಕೈಯನ್ನು ಒಂದು ಕಡೆ, ಅಮ್ಮನ ಕೈಯನ್ನು ಇನ್ನೊಂದು ಕಡೆ ಹಿಡಿದಳು. ಸೊಸೆ ಎದ್ದಳು. ಹಿಂದಿನ ಬೆಂಚುಗಳಲ್ಲಿ ಸಣ್ಣಗೆ ಒಂದು ಗುಜುಗುಜು ಓಡಿತು. ರೇಡಿಯೋ ಅಕ್ಕ ಕತ್ತು ಉದ್ದ ಮಾಡಿದ್ದನ್ನು ನಾನು ಕಂಡೆ. ಸೊಸೆ ಕಂಡಳೋ ಇಲ್ಲವೋ. ಅವಳು ಮುಂದೆ ನೋಡಿಕೊಂಡು ನಡೆಯುತ್ತಿದ್ದಳು. ಪುಟ್ಟಿ ತೆಗೆದುಕೊಂಡಳು, ಮಗ ತೆಗೆದುಕೊಂಡ, ಆಮೇಲೆ ಅವಳು. ಗುರುಗಳು ಎಲ್ಲರಿಗೂ ಹೇಳುವ ಅದೇ ಮಾತನ್ನು ಅವಳಿಗೂ ಹೇಳಿದರು, "ಕ್ರಿಸ್ತರ ಶರೀರ." "ಆಮೆನ್," ಅಂದಳು. ಅವಳ ದನಿ ನನ್ನ ಬೆಂಚಿನ ತನಕ ಕೇಳಿಸಿತು.

ವಾಪಸು ಬಂದು ಮಂಡಿಯೂರಿದವಳು ಏಳಲೇ ಇಲ್ಲ. ಸಾಲೆಲ್ಲ ಮುಗಿಯಿತು, ಹಾಡು ಮುಗಿಯಿತು, ಗುರುಗಳು ಬಲಿಪೀಠದಲ್ಲಿ ಪಾತ್ರೆ ತೊಳೆದದ್ದಾಯಿತು, ಎಲ್ಲರೂ ಕೂತರು. ಅವಳು ಮುಖವನ್ನು ಅಂಗೈಯಲ್ಲಿಟ್ಟುಕೊಂಡು ಹಾಗೇ ಇದ್ದಳು. ನನ್ನ ಮಗ ಕೂತಿದ್ದವನು ಮತ್ತೆ ಜಾರಿ ಅವಳ ಪಕ್ಕ ಮಂಡಿಯೂರಿದ. ನಾನು ಅವರನ್ನು ನೋಡುತ್ತ ಕೂತೆ. ಎಷ್ಟೋ ದಿನದಿಂದ ಎದೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಿತ್ತು, ಅದನ್ನು ಯಾರೋ ಎತ್ತಿಟ್ಟಿದ್ದರು.

ಪುಟ್ಟಿ ಒಂದು ಸಲ ಅಪ್ಪನನ್ನು ನೋಡಿದಳು, ಒಂದು ಸಲ ಅಮ್ಮನನ್ನು. ಕೊನೆಗೆ ತಾಳಲಾರದೆ ಅಮ್ಮನ ತೋಳು ಎಳೆದು, ಪಿಸುಮಾತು ಅಂದುಕೊಂಡು ಇಡೀ ಚರ್ಚಿಗೆ ಕೇಳುವಂತೆ ಹೇಳಿದಳು.

"ಅಮ್ಮಾ, ಸಾಕು ಏಳು. ನೀನು ತಿಂದು ಬಂದಿದ್ದೀಯ. ನನಗೆ ಹಸಿವು!"

ಸೊಸೆ ಮುಖ ಎತ್ತಿದಳು. ಬಾಯಿಗೆ ಕೈ ಅಡ್ಡ ಇಟ್ಟರೂ ನಗು ತಡೆಯಲಾಗಲಿಲ್ಲ. ಜನರೆಲ್ಲ ತಿರುಗಿ ನೋಡಿದರು. ನೋಡಲಿ ಅಂದುಕೊಂಡೆ.